ಒಗೆಯುವ ಗಾಣ

ಒದ್ದೆ ಧೋತರವನ್ನು ಹುರಿಗಟ್ಟಿ ಬೆನ್ನಿಗೆ ಹೊಡೆದರೆ ಚರ್ಮ ಒಡೆಯುವುದಿಲ್ಲ. ಮೊದಲು ಕೆಂಪಾಗುತ್ತದೆ, ಎರಡು ದಿನ ಬಿಟ್ಟು ನೀಲಿಗಟ್ಟುತ್ತದೆ, ಮಗ್ಗಲು ಬದಲಿಸುವಾಗೆಲ್ಲ ಒಳಗಿನಿಂದ ನೋಯುತ್ತದೆ. ಐವತ್ತರ ದಶಕದ ನಡುವೆ ನಾನು ಸೊಲ್ಲಾಪುರದ ಕಾಲೇಜಿಗೆ ಸೇರಿದಾಗ ಎಲ್ಲಕ್ಕಿಂತ ಮೊದಲು ಕಲಿತ ಪಾಠ ಇದು.

ನಾವಿದ್ದ ಬೋರ್ಡಿಂಗು ಅಕ್ಕಲಕೋಟ ರಸ್ತೆಯ ಕಡೆ, ಊರು ಮುಗಿಯುವಲ್ಲಿ ಇತ್ತು. ಹಳ್ಳಿಯ ಹುಡುಗರು ಓದಲೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ ಉದ್ದನೆಯ ಕಟ್ಟಡ. ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕ ನೀರು ತುಂಬುವ ಕಲ್ಲಿನ ಟಾಕಿ, ಟಾಕಿಯ ಎದುರಿಗೆ ಎರಡು ಒಗೆಯುವ ಕಲ್ಲು. ನಲವತ್ತು ಹುಡುಗರಿಗೆ ಎರಡೇ ಕಲ್ಲು. ತನ್ನ ಬಟ್ಟೆ ತಾನೇ ಒಗೆದುಕೊಳ್ಳಬೇಕು ಎಂಬುದು ಬೋರ್ಡಿಂಗಿನ ನಿಯಮ. ಭಾನುವಾರ ಬೆಳಗಾದರೆ ಕಲ್ಲಿಗಾಗಿ ಜಗಳ, ಕೊಡಕ್ಕಾಗಿ ಜಗಳ, ಹಗ್ಗಕ್ಕಾಗಿ ಜಗಳ. ಒಬ್ಬನ ಹಲ್ಲು ಆ ಕಲ್ಲಿಗೆ ಬಡಿದು ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಒಂದು ಬಕೆಟ್ಟು ನೀರಿನ ಸಲುವಾಗಿ.

ನಿಯಮಕ್ಕೆ ಹೊರಗಿದ್ದವನು ಒಬ್ಬನೇ. ಕುಂಭಾರಿಯ ಕಡೆಯ ಪೈಲವಾನ. ವಯಸ್ಸಿನಲ್ಲಿ ನಮಗಿಂತ ನಾಲ್ಕೈದು ವರ್ಷ ದೊಡ್ಡವನು, ಓದಿನಲ್ಲಿ ಒಂದೇ ವರ್ಷ ಮುಂದಿದ್ದ. ದಿನಾ ಬೆಳಿಗ್ಗೆ ತಾಲೀಮಿಗೆ ಹೋಗಿ ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಿದ್ದ. ಕುಸ್ತಿಯಲ್ಲಿ ಗೆದ್ದು ತಂದ ಬೆಳ್ಳಿಯ ಢಾಲು ನಮ್ಮ ಬೋರ್ಡಿಂಗು ನೋಡಿಕೊಳ್ಳುವ ರೆಕ್ಟರರ ಕೋಣೆಯ ಗೋಡೆಯ ಮೇಲಿತ್ತು. ಹಾಗಾಗಿ ಅವನು ಏನು ಮಾಡಿದರೂ ರೆಕ್ಟರರ ಕಣ್ಣಿಗೆ ಬೀಳುತ್ತಿರಲಿಲ್ಲ. ನಾವೆಲ್ಲ ಅವನನ್ನು ದಾದಾ ಎನ್ನುತ್ತಿದ್ದೆವು. ಅವನ ಬಟ್ಟೆ ಒಗೆಯುವುದು ಹೊಸಬರ ಕೆಲಸ. ಆ ವರ್ಷದ ಹೊಸಬರಲ್ಲಿ ಅವನು ಆರಿಸಿಕೊಂಡದ್ದು ಒಂದೇ ಕೋಣೆಯ ಇಬ್ಬರನ್ನು: ನನ್ನನ್ನು ಮತ್ತು ನನ್ನ ಜೊತೆಗಾರನನ್ನು.

ನಾನು ವಳಸಂಗದವನು. ನಮ್ಮ ಮನೆಯಲ್ಲಿ ಕುರಿ ಇದ್ದವು. ಉಣ್ಣೆ ತೊಳೆದು, ಸಗಣಿ ಬಾಚಿ ನನ್ನ ಅಂಗೈ ಮೊದಲೇ ತೊಗಲಾಗಿತ್ತು. ಜೊತೆಗಾರ ಹಾಗಲ್ಲ. ಅಕ್ಕಲಕೋಟದ ಬಟ್ಟೆ ವ್ಯಾಪಾರಿಯ ಒಬ್ಬನೇ ಮಗ, ಬೋರ್ಡಿಂಗಿಗೆ ಬರುವ ತನಕ ತನ್ನ ಕರವಸ್ತ್ರವನ್ನೂ ಹಿಂಡಿದವನಲ್ಲ. ತಾಲೀಮಿನ ಕೆಂಪು ಮಣ್ಣು ಸುಮ್ಮನೆ ಹೋಗುತ್ತಿರಲಿಲ್ಲ. ಸೋಡಾ ಹಾಕಿ ಕುದಿಸಬೇಕು, ಸಬಕಾರ ಉಜ್ಜಿ ಉಜ್ಜಿ ಬಡಿಯಬೇಕು. ಎರಡೇ ತಿಂಗಳಲ್ಲಿ ಅವನ ಬೆರಳ ಸಂದುಗಳು ಸೀಳಿ ರಕ್ತ ಬರತೊಡಗಿತು. ಒಂದು ಭಾನುವಾರ ಆ ರಕ್ತ ದಾದಾನ ಬಿಳಿ ಧೋತರಕ್ಕೆ ತಾಗಿತು.

ದಾದಾ ಧೋತರವನ್ನು ಬಿಸಿಲಿಗೆ ಹಿಡಿದು ನೋಡಿದ. "ಇದೇನಲೇ?" ಎಂದ.

"ರಕ್ತರಿ ದಾದಾ. ಕೈ ಒಡದಾವ್ರಿ."

"ನಿನ್ನ ಕೈ ಒಡದ್ರ ನನ್ನ ಧೋತರಕ್ಕ ಯಾಕ ಒರಸ್ತಿ? ಅಂಗಿ ತಗಿ."

ಅದೇ ಧೋತರವನ್ನು ಮತ್ತೆ ನೀರಿನಲ್ಲಿ ಅದ್ದಿ, ಹುರಿ ಮಾಡಿ, ಎಂಟು ಸಲ ಹೊಡೆದ. ಜೊತೆಗಾರ ಅಳಲಿಲ್ಲ. ಟಾಕಿಯ ಅಂಚು ಹಿಡಿದುಕೊಂಡು ನಿಂತಿದ್ದ. ಎಂಟಾದ ಮೇಲೆ ದಾದಾ ನನ್ನ ಕಡೆ ತಿರುಗಿ, ನೋಡುತ್ತ ನಿಂತದ್ದಕ್ಕೆ ನನಗೂ ಎರಡು ಕೊಟ್ಟ.

ದೀಪಾವಳಿಯ ಸೂಟಿಯಲ್ಲಿ ಜೊತೆಗಾರ ನನ್ನನ್ನು ಅಕ್ಕಲಕೋಟಕ್ಕೆ ಕರೆದೊಯ್ದ. ಅವನ ಅಪ್ಪನ ಅಂಗಡಿ ಪೇಟೆಯ ನಡುವೆ ಇತ್ತು. ಹಿಂದಿನ ಗೋದಾಮಿನಲ್ಲಿ, ಬಟ್ಟೆಯ ಗಂಟುಗಳ ಹಿಂದೆ, ಗೋಣಿತಟ್ಟು ಹೊದಿಸಿದ ವಸ್ತುವೊಂದಿತ್ತು. ಅವನು ತಟ್ಟು ಸರಿಸಿ ತೋರಿಸಿದ. ಮೂರು ಕಾಲಿನ ಮೇಲೆ ನಿಂತ ಮರದ ದೊಡ್ಡ ಪೀಪಾಯಿ. ಮುಚ್ಚಳದ ಮೇಲೊಂದು ಹಿಡಿಕೆ. ಅದನ್ನು ಅತ್ತಿತ್ತ ಎಳೆದರೆ ಒಳಗಿನ ನಾಲ್ಕು ಮರದ ಗೂಟಗಳು ತಿರುಗಿ ಬಟ್ಟೆಯನ್ನು ಕಲಸುತ್ತಿದ್ದವು. ಪೀಪಾಯಿಯ ಅಂಚಿಗೆ ತಿರುಪು ಹಾಕಿ ಕೂರಿಸಿದ್ದು ಬಟ್ಟೆ ಹಿಂಡುವ ಯಂತ್ರ: ಒಂದರ ಮೇಲೊಂದು ಎರಡು ಉರುಳೆ, ಪಕ್ಕದಲ್ಲಿ ತಿರುವುವ ಹಿಡಿಕೆ, ಉರುಳೆಗಳನ್ನು ಒತ್ತಿ ಹಿಡಿಯಲು ಮೇಲೊಂದು ದಪ್ಪ ತಿರುಪು. ಕಬ್ಬಿನ ಗಾಣದ ಹಾಗೇ. ಯಾವುದೋ ಹಳೆಯ ವಾಡೆಯ ಸಾಮಾನು ಹರಾಜಾದಾಗ ಅವನ ಅಪ್ಪ ಹಟಕ್ಕೆ ಬಿದ್ದು ತಂದಿದ್ದರಂತೆ. ಅವನ ಅವ್ವ ಅದನ್ನು ಮುಟ್ಟಿರಲಿಲ್ಲ.

ಅಂಗಡಿಯಲ್ಲಿ ಹಬ್ಬದ ಗಿರಾಕಿಗಳು ತುಂಬಿದ್ದರು. ಅಂಥ ಹೊತ್ತಿನಲ್ಲೇ ಜೊತೆಗಾರ ಹೋಗಿ ಕೇಳಿದ.

"ಅಪ್ಪಾ, ಆ ಮಷೀನ ಬೋರ್ಡಿಂಗಿಗೆ ಒಯ್ತೀನ್ರಿ."

"ಯಾಕ?"

"ಅರಿವಿ ಒಗಿಲಿಕ್ಕಿ. ಕೈ ನೋಡ್ರಿ ನಂದು."

ಅಪ್ಪ ಮಗನ ಅಂಗೈಯನ್ನು ಬೆಳಕಿಗೆ ಹೊರಳಿಸಿ ನೋಡಿದರು. "ಎರಡ ಅಂಗಿ, ಎರಡ ಪೈಜಾಮ. ಅಷ್ಟ ಒಗದ್ರ ಹಿಂಗ ಆಗ್ತಾವೇನು? ಯಾರ ಅರಿವಿ ಒಗಿಲಿಕತ್ತೀದಿ?"

ಜೊತೆಗಾರ ನಿಜ ಹೇಳಿದ. ಅಪ್ಪ ಬಟ್ಟೆ ಅಳೆಯುವ ಕಬ್ಬಿಣದ ಗಜ ಎತ್ತಿಕೊಂಡರು. ಮೊದಲ ಏಟು ಮೊಣಕೈಗೆ ಬಿತ್ತು, ಎರಡನೆಯದು ತೊಡೆಗೆ. "ಯಾವನೋ ಪೈಲವಾನನ ಲಂಗೋಟಿ ಒಗಿಲಿ ಅಂತ ಹಡದೀವೇನು ನಿನ್ನ? ಹೇಳು! ಲಂಗೋಟಿ ಒಗಿಲಿ ಅಂತ?" ಸೀರೆ ನೋಡುತ್ತಿದ್ದ ಹೆಂಗಸರು ಎದ್ದು ಗೋಡೆಗೆ ಸರಿದರು. ಒಬ್ಬ ಅಜ್ಜಿ "ಸಾಕು ಬಿಡ್ರಿ ಸಾವಕಾರ್ರ, ಹಬ್ಬದ ದಿವಸ" ಎಂದಳು. ಅಪ್ಪ ಗಜ ಎಸೆದು ಗಾದಿಯ ಮೇಲೆ ಕುಳಿತರು. ಅವರಿಗೆ ಏದುಸಿರು ಬರುತ್ತಿತ್ತು. ಮಗನ ಮುಖ ನೋಡದೆ, "ಒಯ್ಯಿ. ಆದ್ರ ಆ ಪೈಲವಾನನ ಒಂದ ಚಿಂದಿ ಅದರಾಗ ಬಿತ್ತಂದ್ರ ಈ ಮನಿ ಹೊಸ್ತಿಲಾ ತುಳಿಬ್ಯಾಡ" ಎಂದರು.

ಮಾಲು ಸಾಗಿಸುವ ಲಾರಿಯಲ್ಲಿ ಗಾಣ ಸೊಲ್ಲಾಪುರಕ್ಕೆ ಬಂತು. ಹಿಂಡುವ ಯಂತ್ರವನ್ನು ಬಿಚ್ಚಿ ನನ್ನ ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ ಕುಳಿತಿದ್ದೆ.

ಬೋರ್ಡಿಂಗಿನಲ್ಲಿ ಅದನ್ನು ನೋಡಲು ಜಾತ್ರೆ ನೆರೆಯಿತು. ಅದೃಷ್ಟಕ್ಕೆ ದಾದಾ ಕುಸ್ತಿಗಳಿಗೆಂದು ಊರೂರು ತಿರುಗಲು ಹೋಗಿದ್ದ, ಮೂರು ವಾರ ಬರಲಿಲ್ಲ. ಆ ಮೂರು ಭಾನುವಾರ ನಮ್ಮ ಹಿತ್ತಿಲಿನಲ್ಲಿ ಒಂದೂ ಹೊಡೆದಾಟ ಆಗಲಿಲ್ಲ. ಜೊತೆಗಾರ ಎಲ್ಲರ ಬಟ್ಟೆಗೂ ಒಪ್ಪಿದ. ಅವನದು ಒಂದೇ ಕರಾರು: ಯಾರ ಬಟ್ಟೆಯೋ ಅವರೇ ನೀರು ಸೇದಬೇಕು, ಅವರೇ ತಿರುವಬೇಕು. ಬಟ್ಟೆ ಹರಿಯದಂತೆ ತಿರುಪು ಎಷ್ಟು ಬಿಗಿಯಬೇಕು, ಗುಂಡಿಯನ್ನು ಒಳಗೆ ಮಡಿಚಿ ಉರುಳೆಗೆ ಹೇಗೆ ಕೊಡಬೇಕು ಎಂದು ಅವನು ಒಬ್ಬೊಬ್ಬರಿಗೂ ತೋರಿಸುತ್ತಿದ್ದ. "ಬಟ್ಟು ಜ್ವಾಕಿ. ಇದಕ್ಕ ಅರಿವಿ ಯಾವದು, ಬಟ್ಟು ಯಾವದು ಗೊತ್ತಾಗಂಗಿಲ್ಲ" ಎಂದು ಪ್ರತಿ ಸಲ ಬೆರಳು ತೋರಿಸಿ ಹೇಳುತ್ತಿದ್ದ. ಹಿರಿಯ ಹುಡುಗರೂ ಅವನ ಮಾತು ಕೇಳಿ ಸಾಲಿನಲ್ಲಿ ನಿಂತರು. ಅವನ ಕೈಗಳು ಮಾಯತೊಡಗಿದವು.

ನಾಲ್ಕನೆಯ ಭಾನುವಾರ ದಾದಾ ಬಂದ. ಎರಡು ಕುಸ್ತಿ ಸೋತು ಬಂದಿದ್ದಾನೆಂದು ಸುದ್ದಿ ಮುಂಚೆಯೇ ಬಂದಿತ್ತು. ಒಂದು ಕಿವಿ ಊದಿಕೊಂಡಿತ್ತು. ಮೂರು ವಾರದ ಬಟ್ಟೆಯನ್ನು ಹಾಸುವ ಚಾದರದಲ್ಲಿ ಗಂಟು ಕಟ್ಟಿ ತಂದಿದ್ದ. ಸಾಲಿನ ಮುಂದೆ ಬಂದು ಗಂಟನ್ನು ಪೀಪಾಯಿಯ ಕಾಲಬುಡಕ್ಕೆ ಎಸೆದ.

"ಮೊದಲ ನಂದು," ಎಂದ.

ಜೊತೆಗಾರ ಎದ್ದು ನಿಂತ. ಪೀಪಾಯಿಗೆ ಅಡ್ಡ ಬಂದು ಹೇಳಿದ: "ನಿಮ್ಮ ಅರಿವಿ ಇದರಾಗ ಹಾಕಂಗಿಲ್ರಿ."

"ಏನಂದಿ?"

"ಉಳದವರೆಲ್ಲಾ ತಮ್ಮದು ತಾವ ತಿರವ್ತಾರ್ರಿ. ನೀವು ತಿರವವರಲ್ಲ. ಅದಕ್ಕ ಹಾಕಂಗಿಲ್ಲ."

ದಾದಾ ನಕ್ಕ. ನಗುತ್ತಲೇ ಅವನ ಕತ್ತು ಹಿಡಿದು, ಮುಚ್ಚಳ ತೆಗೆದಿದ್ದ ಪೀಪಾಯಿಯೊಳಕ್ಕೆ ತಲೆ ಮುಳುಗಿಸಿದ. ಅದರಲ್ಲಿ ಸೋಡಾ ಕಲಸಿದ ನೀರಿತ್ತು. ಜೊತೆಗಾರನ ಕಾಲು ನೆಲದ ಮೇಲೆ ಜಾರಿ ಜಾರಿ ಒದ್ದಾಡಿದವು, ಕೈಗಳು ಪೀಪಾಯಿಯ ಹಲಗೆ ಬಡಿದವು. ಎತ್ತಿದ, ಅವನು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಮುಳುಗಿಸಿದ. ಹಿತ್ತಿಲಲ್ಲಿ ಮೂವತ್ತು ಜನ ಇದ್ದೆವು. ಒಬ್ಬರೂ ಮುಂದೆ ಹೋಗಲಿಲ್ಲ. ನಾನು ಎಲ್ಲರಿಗಿಂತ ಹತ್ತಿರ ಇದ್ದೆ, ಎರಡು ಮಾರು ದೂರದಲ್ಲಿ, ಕೈಯಲ್ಲಿ ತುಂಬಿದ ಕೊಡ ಹಿಡಿದು. ಅದನ್ನು ದಾದಾನ ತಲೆಯ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ.

ಮೂರನೆಯ ಸಲ ಎತ್ತಿದಾಗ ಜೊತೆಗಾರನ ಮೂಗಿನಿಂದ ನೊರೆ ಬರುತ್ತಿತ್ತು. ದಾದಾ ಅವನನ್ನು ಬಾವಿಕಟ್ಟೆಯ ಕಡೆ ತಳ್ಳಿದ. ಅವನು ಅಲ್ಲೇ ಕುಸಿದು, ಕಣ್ಣು ಬಿಡಲಾಗದೆ ವಾಂತಿ ಮಾಡತೊಡಗಿದ.

ದಾದಾ ಗಂಟು ಬಿಚ್ಚಿ ಬಟ್ಟೆಯನ್ನೆಲ್ಲ, ಚಾದರವನ್ನೂ ಸೇರಿಸಿ, ನೀರಿಗೆ ತುರುಕಿದ. ನನಗೆ ಬೆರಳು ಮಾಡಿ "ನೀ ತಿರುವು" ಎಂದ. ನಾನು ಮುಚ್ಚಳ ಹಾಕಿ ತಿರುವಿದೆ. ತೆರೆದಾಗ ನೀರು ಕೆಂಪಾಗಿತ್ತು. ಆಮೇಲೆ ಮೊದಲು ಚಾದರವನ್ನು ಹಿಂಡೋಣವೆಂದು ನನ್ನನ್ನು ಹಿಂಡುವ ಯಂತ್ರದ ಹಿಡಿಕೆಗೆ ನಿಲ್ಲಿಸಿ, ಅದರ ತುದಿಯನ್ನು ತಾನೇ ಉರುಳೆಗಳ ನಡುವೆ ಇಟ್ಟ. ಸೊಲ್ಲಾಪುರದ ಚಾದರ, ನೀರು ಕುಡಿದು ಕುರಿಯಷ್ಟು ಭಾರವಾಗಿತ್ತು. ಅದು ಸಲೀಸಾಗಿ ಒಳಗೆ ಹೋಗಲಿಲ್ಲ. ಅವನು ಮಡಿಕೆಯೊಳಗೆ ಬಲಗೈ ಹಾಕಿ ನೂಕುತ್ತಿದ್ದ. ಕತ್ತು ಹಿಂದೆ ತಿರುಗಿಸಿ, ಸಾಲಿನಲ್ಲಿದ್ದವರಿಗೆ ಏನೋ ಹೇಳಿ ನಗುತ್ತಿದ್ದ. "ಹೊಲದಾಗ ಎತ್ತು ಗಾಣ ತಿರವ್ತಾವು, ಇಲ್ಲಿ ಕುರಿ ತಿರವ್ತಾವು ನೋಡ್ರಲೇ."

ಅವನ ಬೆರಳುಗಳು ಚಾದರದ ಮಡಿಕೆಯ ಜೊತೆ ಉರುಳೆಯ ಬಾಯಿಗೆ ಬಂದದ್ದನ್ನು ನಾನು ನೋಡಿದೆ. ಇದನ್ನು ನಾನು ಬಹಳ ವರ್ಷ ಬೇರೆ ಥರ ಹೇಳಿಕೊಂಡು ಬಂದೆ. ನೋಡಲಿಲ್ಲ, ಗೊತ್ತಾಗಲಿಲ್ಲ, ಗಾಬರಿಯಲ್ಲಿದ್ದೆ ಎಂದು. ಸುಳ್ಳು. ನೋಡಿದೆ. ಬೆರಳಿನ ಉಗುರುಗಳೂ ನೆನಪಿವೆ. ಒಂದು ಕೈಯಲ್ಲಿ ತಿರುವುತ್ತಿದ್ದವನು ಎರಡನೆಯ ಕೈಯನ್ನೂ ಹಿಡಿಕೆಗೆ ಹಾಕಿ, ಕಾಲೂರಿ, ಮೈಭಾರ ಬಿಟ್ಟು ತಿರುವಿದೆ. ಎರಡು ಸುತ್ತು.

ಸದ್ದು ಬಂತು. ಹಸಿ ಜೋಳದ ದಂಟು ಮುರಿದಂಥ ಸದ್ದು. ಆಮೇಲೆ ಅವನ ಕೂಗು. "ಉಲ್ಟಾ! ಉಲ್ಟಾ ತಿರವಲೇ!" ಕೈ ಎಳೆದುಕೊಳ್ಳಲು ಹೋದ. ಚಾದರ ಸುತ್ತಿಕೊಂಡು ಬಿಗಿದಿತ್ತು; ಎಳೆದಷ್ಟೂ ಪೀಪಾಯಿಯೇ ಅವನ ಮೇಲೆ ವಾಲಿತು. ಎಡಗೈಯಿಂದ ನನ್ನನ್ನು ಹಿಡಿಯಲು ಬಂದ, ಎಟುಕಲಿಲ್ಲ. ನಾನು ಹಿಡಿಕೆ ಬಿಟ್ಟು ಹಿಂದೆ ಸರಿದು ನಿಂತೆ. ಉಲ್ಟಾ ತಿರುವಲಿಲ್ಲ. ನನಗಾಗ ಹೆದರಿಕೆ ಇರಲಿಲ್ಲ, ಸಂತೋಷ ಇತ್ತು. ಹೊಟ್ಟೆ ತುಂಬ ಉಂಡಂಥ ಸಂತೋಷ.

ಬಿಡಿಸಿದವನು ಜೊತೆಗಾರ. ಬಾವಿಕಟ್ಟೆಯಿಂದ ಅಂಬೆಗಾಲಿಟ್ಟಂತೆ ಬಂದ. ಸೋಡಾಕ್ಕೆ ಕಣ್ಣು ಮುಚ್ಚಿಹೋಗಿದ್ದವು. ಕೈಯಾಡಿಸಿ ಯಂತ್ರವನ್ನು ಹುಡುಕಿ, ಮೇಲಿನ ತಿರುಪನ್ನು ಸಡಿಲಿಸಿದ. ಉರುಳೆ ಎದ್ದಿತು. ದಾದಾ ಚಾದರದ ಸಮೇತ ಕೆಳಗೆ ಕುಳಿತ. "ಯಾರರ ಟಾಂಗಾ ತರ್ರಿ! ಲಗೂನ!" ಎಂದು ಜೊತೆಗಾರ ಕೂಗಿದ ಮೇಲೆಯೇ ಉಳಿದವರ ಕಾಲಿಗೆ ಜೀವ ಬಂದದ್ದು. ಟಾಂಗಾದಲ್ಲಿ ದಾದಾನ ಕೈಯನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡು ದವಾಖಾನೆಗೆ ಹೋದವನೂ ಅವನೇ.

ಡಾಕ್ಟರು ಎರಡು ಬೆರಳು ತೆಗೆದರು. ಹೆಬ್ಬೆರಳು ಬಿಟ್ಟು ಉಳಿದ ಎರಡು ಮಡಚಲು ಬರದ ಹಾಗೆ ಆದವು.

ರೆಕ್ಟರರು ವಿಚಾರಣೆ ಮಾಡಿದರು. ಹಾಸಿಗೆಯಲ್ಲಿದ್ದ ದಾದಾನನ್ನು ಕೇಳಿ ಬಂದಿದ್ದರು. ಅವನು "ನನ್ನ ಕೈ ನಾನ ಹಾಕ್ದೆ, ಜಾರಿತು" ಎಂದನಂತೆ. ಯಾರ ತಪ್ಪೂ ಇಲ್ಲವೆಂದ ಮೇಲೆ ಯಂತ್ರ ತಂದವನ ತಪ್ಪಾಯಿತು. ಜೊತೆಗಾರನನ್ನು ಕೋಣೆಗೆ ಕರೆಸಿ, ಢಾಲು ಇದ್ದ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಛಡಿಯಿಂದ ಹೊಡೆದರು. ಹೊಡೆಯುತ್ತ ಅಳುತ್ತಿದ್ದರು. "ಎಂಥಾ ಹುಡುಗನ್ನ ಹಾಳ ಮಾಡ್ದಿ, ಎಂಥಾ ಹುಡುಗನ್ನ!" ನಾನು ಬಾಗಿಲಲ್ಲಿ ನಿಂತಿದ್ದೆ. ಹಿಡಿಕೆ ನನ್ನ ಕೈಯಲ್ಲಿತ್ತು ಎಂದು ಹೇಳಲು ಬಾಯಿ ತೆರೆದರೆ ಸಾಕಿತ್ತು. ಛಡಿ ಮುರಿಯುವ ತನಕ ನಿಂತು, ಕೋಣೆಗೆ ಬಂದು ಹಾಸಿಗೆ ಬಿಚ್ಚಿದೆ.

ಇಪ್ಪತ್ತು ದಿನದ ಮೇಲೆ ದಾದಾ ತನ್ನ ಟ್ರಂಕು ಒಯ್ಯಲು ಬಂದ. ಓದು ಬಿಟ್ಟಿದ್ದ. ಹಿತ್ತಿಲಲ್ಲಿ ನಾನೊಬ್ಬನೇ ಇದ್ದಾಗ ನನ್ನ ಎದುರು ಬಂದು ನಿಂತ. ಮುಖ ಇಳಿದುಹೋಗಿತ್ತು.

"ನೀ ನೋಡಿ ತಿರಿವಿದಿ," ಎಂದ.

"ಹೂನ್ರಿ," ಎಂದೆ.

"ರೆಕ್ಟರ್ ಸಾಹೇಬ್ರ ಮುಂದ ನಾ ಯಾಕ ಹೇಳಲಿಲ್ಲ, ಗೊತ್ತೈತೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ನಿನ್ನ ಉಳಸಾಕ ಅಲ್ಲ. ನಿನ್ನಂಥಾ ಕುರಿಕಾಯಂವ ನನ್ನ ಕೈ ಮುರದಾ ಅಂತ ಊರಾಗ ಹ್ಯಾಂಗ ಹೇಳ್ಲಿ? ಮಷೀನ ಕೈ ಮುರೀತು ಅಂದ್ರ ಒಂದ ಮಾನ."

ಹಾಗೆಂದು ಎಡಗೈಯಿಂದ ಒಂದು ಹೊಡೆದ. ಬಲಗಿವಿಯ ಮೇಲೆ ಬಿತ್ತು. ನಾನು ಟಾಕಿಗೆ ಬಡಿದು ಬಿದ್ದೆ. ಕಿವಿಯೊಳಗೆ ಬಿಸಿ ಬಿಸಿಯಾಗಿ ಏನೋ ಇಳಿಯಿತು. ಆ ಕಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಬಿದ್ದವನು, ಇನ್ನೂ ಹೊಡೆಯಲಿ, ಲೆಕ್ಕ ಹರಿಯಲಿ ಎಂದು ಕಾದೆ. ಅವನು ಹೊಡೆಯಲಿಲ್ಲ. ಟ್ರಂಕನ್ನು ಎಡ ಹೆಗಲಿಗೆ ಏರಿಸಿಕೊಳ್ಳಲು ಒದ್ದಾಡಿ, ಆಗದೆ, ನೆಲದ ಮೇಲೆ ಎಳೆದುಕೊಂಡು ಹೋದ.

ಅಂದು ಸಂಜೆ ಜೊತೆಗಾರನಿಗೆ ಎಲ್ಲವನ್ನೂ ಹೇಳಿದೆ. ಅವನಿಗೆ ಸಮಾಧಾನ ಆಗಬಹುದೆಂದೇ ನಾನು ತಿಳಿದಿದ್ದೆ. ತನ್ನ ಸಲುವಾಗಿ ಒಬ್ಬ ಕೈ ಎತ್ತಿದನಲ್ಲ ಎಂದು. ಅವನು ದೀಪದ ಗಾಜು ಒರೆಸುತ್ತಿದ್ದ.

"ನನ್ನ ಸಲುವಾಗಿ ಮಾಡ್ದಿ ಅನಬ್ಯಾಡ," ಎಂದ. "ನನ್ನ ನೀರಾಗ ಮುಳುಗಿಸುವಾಗ ಕೊಡ ಹಿಡಕೊಂಡ ನಿಂತಿದ್ದಿ. ಸಾಹೇಬ್ರು ಛಡಿಲೆ ಹೊಡೀವಾಗ ಬಾಗಲದಾಗ ನಿಂತಿದ್ದಿ. ತಿರಿವಿದ್ದೊಂದು ನನ್ನ ಸಲುವಾಗಿ ಹ್ಯಾಂಗ ಆತು?"

ಮರುದಿನ ಅವನು ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದ. ಆ ವಾರವೇ ಕೊಡಲಿ ತಂದು ಪೀಪಾಯಿಯನ್ನು ಒಬ್ಬನೇ ಒಡೆದ. ಹಲಗೆಗಳನ್ನು ನೀರು ಕಾಯಿಸುವ ಒಲೆಯ ಹತ್ತಿರ ಒಟ್ಟಿದ. ನಾನು ಸಹಾಯಕ್ಕೆ ಹೋದಾಗ ಕೊಡಲಿ ನಿಲ್ಲಿಸಿ ನಾನು ಹೋಗುವ ತನಕ ಕಾದ. ಮುಂದಿನ ಭಾನುವಾರದಿಂದ ಮತ್ತೆ ಕಲ್ಲಿನ ಜಗಳ ಶುರುವಾಯಿತು. ಮತ್ತೆರಡು ವರ್ಷ ಒಂದೇ ಮೆಸ್ಸಿನಲ್ಲಿ ಉಂಡೆವು, ಒಂದೇ ಟಾಕಿಯ ನೀರು ತುಂಬಿಕೊಂಡೆವು. ಅವನು ನನ್ನ ಜೊತೆ ಮಾತಾಡಲಿಲ್ಲ.

ವಳಸಂಗಕ್ಕೆ ಹೋಗುವ ಬಸ್ಸು ದಾದಾನ ಕುಂಭಾರಿಯ ಮೇಲೆಯೇ ಹೋಗಬೇಕು. ಅಲ್ಲಿ ನಿಂತಾಗೆಲ್ಲ ನಾನು ಮುಖ ತಗ್ಗಿಸಿ ಪುಸ್ತಕ ತೆರೆಯುತ್ತಿದ್ದೆ. ಕಾಲೇಜು ಮುಗಿದು, ಸೊಲ್ಲಾಪುರದಲ್ಲೇ ನೌಕರಿ ಹಿಡಿದ ಮೇಲೆ ಒಂದು ಸಲ, ಬಸ್ಸು ತುಂಬಿದ್ದಾಗ, ಕುಂಭಾರಿಯಲ್ಲಿ ಹತ್ತಿ ನನ್ನ ಪಕ್ಕದ ಜಾಗಕ್ಕೆ ಬಂದು ಕುಳಿತವನು ದಾದಾನೇ. ಮೈ ಇಳಿದಿತ್ತು, ತಲೆಗೆ ರುಮಾಲು ಸುತ್ತಿದ್ದ. ಬಲಗೈಯನ್ನು ಅಂಗಿಯ ಜೇಬಿನಲ್ಲಿ ಇಟ್ಟಿದ್ದ. ನನ್ನನ್ನು ನೋಡಿದ, ಗುರುತು ಹಿಡಿದ. ಅದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ನಾನು ಏನಾದರೂ ಹೇಳುವಷ್ಟರಲ್ಲಿ ಅವನೇ ಮಾತಾಡಿದ.

"ಸ್ವಲ್ಪ ಆ ಕಡಿ ಸರೀತೀರೇನ್ರಿ?"

ನಾನು ಸರಿದೆ. ಅವನು ದಾರಿಯುದ್ದಕ್ಕೂ ಎದುರಿನ ಕಂಬಿಯನ್ನು ಎಡಗೈಯಲ್ಲಿ ಹಿಡಿದು ಹೊರಗೆ ನೋಡುತ್ತಿದ್ದ. ವಳಸಂಗದಲ್ಲಿ ಇಳಿಯಲು ನಾನು ಎದ್ದಾಗ, ಅಪರಿಚಿತರಿಗೆ ಮಾಡುವಂತೆ, ಮರ್ಯಾದೆಯಿಂದ ಕಾಲು ಮಡಚಿಕೊಂಡು ದಾರಿ ಬಿಟ್ಟ. ನಾನು ಇಳಿದೆ. ಬಸ್ಸು ಅಕ್ಕಲಕೋಟದ ಕಡೆ ಹೊರಟಿತು.